ಗ್ಯಾರಂಟಿ, ನಾಲ್ಕನೇ ತಿಂಗಳು ಐವತ್ತೊಂದರ ತನಕ

ರಸೀನ್ ಊರಿನ ಒಂದು ಗರಾಜು. ಜನವರಿ.
ಮಿಷಿಗನ್ ಸರೋವರದ ಕಡೆಯಿಂದ ಬೀಸುವ ಗಾಳಿಗೆ
ಬೆಲೆಚೀಟಿಗಳೆಲ್ಲ ಪಟಪಟ:
ಹೊಲಿಗೆ ಮಿಷನ್ನು ಹದಿನೈದು ಡಾಲರ್, ಮೀನಿನ ಗಾಳಗಳು ಮೂರು,
ತೀರಿಕೊಂಡವನ ಬೂಟು ಒಂದು.
ಬಣ್ಣದ ಡಬ್ಬಿಗಳ ಹಿಂದೆ
ನಾಲ್ಕು ಬೋಲ್ಟಿನಲ್ಲಿ ಬೆಂಚನ್ನು ಕಚ್ಚಿಕೊಂಡು ಕೂತ
ಇದಕ್ಕೆ ಚೀಟಿಯೇ ಇಲ್ಲ.

‘ಆ ವೈಸಾ? ನೀವೇ ಬಿಚ್ಚಿಕೊಳ್ಳುವುದಾದರೆ ನಲವತ್ತು ಕೊಡಿ’
ಅಂದಳು ವಿಲ್ಮಾ ಸ್ಟ್ರೋಬೆಲ್, ಕೈಗವಸು ತೆಗೆಯದೆ.
ಅಪ್ಪ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿದ್ದನಂತೆ.
ಅಷ್ಟೇ ಹೇಳಿದಳು. ನಾನೂ ಕೇಳಲಿಲ್ಲ.

ನಾನು ಓದುವುದು ಹೆಬ್ಬೆರಳಿನಿಂದ.
ಮೂರು ಪದರ ಬಣ್ಣದ ಕೆಳಗೆ ಎರಕದ ಅಕ್ಷರಗಳು
ಬೆನ್ನು ತಿರುಗಿಸಿ ಮಲಗಿರುತ್ತವೆ;
ತಡವಿದರೆ ಒಂದೊಂದೇ ಮಗ್ಗುಲಾಗುತ್ತವೆ.
ಬಾಲ ನುಣ್ಣಗೆ, ಬಂದೂಕಿನ ಗುಂಡಿನ ಹಾಗೆ: ಷಿಕಾಗೋದ್ದು.
ಹೊಟ್ಟೆಯಡಿ ಟಾರ್ಚು ಬಿಟ್ಟರೆ
ಉಕ್ಕಿನಲ್ಲಿ ಒತ್ತಿದ ಅಂಕಿ, ನಾಲ್ಕು, ಐವತ್ತೊಂದು.
ಹೊಸಬರು ಹುಟ್ಟಿದ ದಿನವೆಂದು ಹಿಗ್ಗುತ್ತಾರೆ.
ಅಲ್ಲ. ಅದು ಕಂಪನಿ ಕೈತೊಳೆದುಕೊಳ್ಳುವ ದಿನ.
ಐದು ವರ್ಷ ನಮ್ಮ ಮಾತು, ಆಮೇಲೆ ನಿಮ್ಮ ಪುಣ್ಯ ಎಂದು
ಹೊಟ್ಟೆಗೆ ಬರೆದ ಹಣೆಬರಹ.

ನಿದ್ದೆಹೋದ ಹತ್ತು ವರ್ಷದ ಹುಡುಗನಷ್ಟು ಭಾರ.
ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ.

ತಿರುಪು ಜಪ್ಪಯ್ಯ ಅನ್ನಲಿಲ್ಲ.
ಎಣ್ಣೆ ಬಿಟ್ಟು ಕಾದೆ. ಬೆಂಕಿ ಹಿಡಿದು ಕಾದೆ.
ಮತ್ತೆ ಎಣ್ಣೆ, ಮತ್ತೆ ಮರದ ಸುತ್ತಿಗೆ,
ನಡುವೆ ನಾಲ್ಕು ಬೈಗುಳ.
ಐದನೆಯ ರಾತ್ರಿ ಕಿರ್ರೆಂದಿತು,
ಮಾಳಿಗೆಯ ಮೇಲೆ ನಾಯಿ ಎದ್ದು ಬೊಗಳಿತು,
ದವಡೆ ಒಂದು ಕೂದಲೆಳೆ ಬಿಟ್ಟಿತು.
ಒಳಗೆ ಜೋನಿಬೆಲ್ಲದಂಥ ಹಳೇ ಗ್ರೀಸು,
ಅದರಲ್ಲಿ ಹಿತ್ತಾಳೆಯ ಪುಡಿ, ಚಿನ್ನದ ಹಾಗೆ, ಸುಳ್ಳು ಚಿನ್ನದ ಹಾಗೆ.

ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರಿನ ತಂತಿ:
ಇಡೀ ರಾತ್ರಿ ಸಣ್ಣಗೆ ಗುಳ್ಳೆ, ಕಂದು ನೊರೆ.
ಬೆಳಿಗ್ಗೆ ಕೆಂಪು ಬಿಟ್ಟಿತು, ಬೂದು ಬಿಟ್ಟಿತು,
ಹುಟ್ಟುಬಣ್ಣ ಹಸಿರೂ ಬಿಟ್ಟಿತು.
ಎಡ ಪಕ್ಕೆಯ ಮೇಲೆ ಅರದಿಂದ ಗೀರಿದ ಗೆರೆಗಳು, ಏಳೋ ಎಂಟೋ.
ಅಂತರ ಒಂದರ ಹಾಗೆ ಒಂದಿಲ್ಲ.
ಕೈಜಾರಿದ್ದು ಅಂದುಕೊಂಡೆ.
ಕೈ ಅಷ್ಟು ಸಲ ಜಾರುತ್ತದೆಯೇ ಅಂತ ನಿಂತು ಕೇಳಿಕೊಳ್ಳಲಿಲ್ಲ.
ಉಜ್ಜಿ, ಮೆತ್ತಿ, ಮತ್ತೆ ಉಜ್ಜಿ
ಎರಡು ಕೈ ಹಸಿರು ಹೊಡೆದೆ.
ಅಂಗಡಿಯಿಂದ ನಿನ್ನೆ ಬಂದದ್ದರ ಹಾಗಿತ್ತು. ನನಗೆ ಜಂಬ.

ಮಾರ್ಚಿನಲ್ಲಿ ವಿಲ್ಮಾ ಬಂದಳು,
ನಾನು ಮರೆತುಬಂದ ಬೋಲ್ಟುಗಳನ್ನು ಕಾಫಿ ಡಬ್ಬಿಯಲ್ಲಿ ಹಾಕಿಕೊಂಡು.
ಈ ಸಲ ಕೈಗವಸು ತೆಗೆದಳು.
ಹೆಬ್ಬೆರಳು ನೆಟ್ಟಗೆ ಎಡ ಪಕ್ಕೆಗೆ ಹೋಯಿತು,
ಹೋಗಿ, ಹಿಂದೆ ಬಂದು, ಮತ್ತೆ ಹೋಯಿತು.

ಹುಟ್ಟುಹಬ್ಬದ ದಿನ ಅಪ್ಪ ಅವಳ ಕೈಯನ್ನು ಇಲ್ಲಿ ಅಗಲಿಸಿ ಇಡುತ್ತಿದ್ದ.
ಹೆಬ್ಬೆರಳು ಈ ಅಂಚಿಗೆ;
ಕಿರುಬೆರಳು ಮುಟ್ಟಿದಲ್ಲಿ ಒಂದು ಗೆರೆ.
ಗೇಣು ಬೆಳೆದಷ್ಟು ಗೆರೆ ದೂರ.

‘ಚೆನ್ನಾಗಿದೆ’ ಅಂದಳು. ‘ಹೊಸದರ ಹಾಗಿದೆ.’
ನನ್ನಲ್ಲಿ ಹನ್ನೊಂದು ವೈಸುಗಳಿವೆ.
ಹನ್ನೊಂದೂ ಹೊಸದರ ಹಾಗಿವೆ.

ವಾಪಸು ಒಯ್ಯಿರಿ ಎಂದೆ. ಅಪಾರ್ಟ್‌ಮೆಂಟಿನಲ್ಲಿ ಎಲ್ಲಿಡಲಿ ಎಂದಳು.
ಬೇರೇನೂ ತೋಚದೆ ಅರ ಚಾಚಿದೆ.
ಸ್ವಲ್ಪ ಹೊತ್ತು ನೋಡಿದಳು.
ಆಮೇಲೆ ಕೈಯಿಟ್ಟಳು. ಗಂಟುಬಿದ್ದ ಬೆರಳು
ಅರ್ಧಕ್ಕೇ ನಿಂತವು.
ಅವು ಮುಟ್ಟಿದಲ್ಲಿ ನಾನು ಗೀರಿದೆ,
ಹಸಿರು ಸಿಪ್ಪೆಯೆದ್ದು ಒಳಗಿನ ಕಬ್ಬಿಣ ಬೆಳ್ಳಗೆ ಕಂಡಿತು.
ಏಳನೆಯ ಗೆರೆಗಿಂತ ಆಚೆಯೋ ಈಚೆಯೋ,
ಹೇಳುವವರು ಯಾರು.

ಎಣ್ಣೆ ಸವರಲೇ ಎಂದೆ.
‘ಬೇಡ, ತುಕ್ಕು ಹಿಡಿಯಲಿ’ ಅಂದಳು ಗವಸು ತೊಡುತ್ತ,
‘ಆಗ ಕಾಣುತ್ತೆ.’